ಡಯಲ್ ಮೇಲಿನ ಹೆಸರು

ಮಸ್ಕಿ
5 ಆಗಸ್ಟ್ 2024

ಹುಲಿಗೇಶ ಅವರಿಗೆ ನಮಸ್ಕಾರ.

ಹೋದ ವಾರ ಸಿಂಧನೂರಿನಲ್ಲಿ ರಾಜೇಸಾಬರ ವಾಚ್ ಅಂಗಡಿಯಲ್ಲಿ ನಿಮ್ಮ ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದ ಮುದುಕಿ ನಾನೇ. ಅರ್ಧ ಗಂಟೆ ಮಾತಾಡಿದೆವು, ಹೆಸರು ಕೇಳುವುದನ್ನು ಇಬ್ಬರೂ ಮರೆತೆವು. ವಿಳಾಸ ಕೊಟ್ಟವರು ರಾಜೇಸಾಬರೇ. "ಅಕ್ಕಾರೆ, ಈ ಹುಚ್ಚು ಇರೋರು ಈ ಸುತ್ತಿನ್ಯಾಗ ನೀವಿಬ್ಬರ ಅದೀರಿ, ಪರಿಚಯ ಇರಲಿ" ಎಂದರು.

ನಾನು ಕಸ್ತೂರೆಮ್ಮ. ಅಂಚೆ ಕಚೇರಿಯಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತಳಾದವಳು. ಮನೆಯವರು ತೀರಿಕೊಂಡು ಒಂಬತ್ತು ವರ್ಷವಾಯಿತು. ಕೆಲಸ ಬಿಟ್ಟ ತಿಂಗಳು ಲಿಂಗಸುಗೂರು ಬಸ್ ನಿಲ್ದಾಣದ ಎದುರು ತಳ್ಳುಗಾಡಿಯಲ್ಲಿ ಒಂದು ರೆಪ್ಲಿಕಾ ವಾಚು ಕೊಂಡೆ. ಮೇಲೆ ದೊಡ್ಡ ಸ್ವಿಸ್ ಕಂಪನಿಯ ಹೆಸರು, ನೋಡಿದವರು ಲಕ್ಷಗಟ್ಟಲೆ ಬೆಲೆಯದು ಎನ್ನಬೇಕು. ಎಂಟು ದಿನಕ್ಕೆ ನಿಂತಿತು. ಹಿಂದಿನ ಮುಚ್ಚಳ ತೆಗೆದು ನೋಡಿದರೆ ಅಷ್ಟಗಲದ ಡಬ್ಬಿಯೊಳಗೆ ಹುಣಸೆಬೀಜದಷ್ಟು ಯಂತ್ರ, ಅದು ಅಲ್ಲಾಡಬಾರದೆಂದು ಸುತ್ತ ಪ್ಲಾಸ್ಟಿಕ್ಕು. ನಗು ಬಂತು. ಆಮೇಲೆ, ಪಾಪ, ಇದಕ್ಕೊಂದು ಒಳ್ಳೆಯ ಯಂತ್ರ ಹಾಕೋಣ ಎನ್ನಿಸಿತು. ಹಾಗೆ ಶುರುವಾದದ್ದು ಈಗ ಹದಿನೇಳು ವಾಚು ಆಗಿದೆ. ನಾನು ಡಯಲ್ ಮೇಲಿನ ಸುಳ್ಳು ಹೆಸರನ್ನು ಅಳಿಸಿ, ಹೊಸ ಬಣ್ಣ ಕೊಟ್ಟು, ಕನ್ನಡ ಅಂಕಿ ಬರೆಯುತ್ತೇನೆ. ಒಂದು ಡಯಲ್ ಜೊತೆಗಿಟ್ಟಿದ್ದೇನೆ, ನೋಡಿ.

ಫೋನಿನಲ್ಲಿ ಫೋಟೊ ಕಳಿಸಬಹುದಿತ್ತು. ಫೋಟೊದಲ್ಲಿ ಬಣ್ಣ ಸರಿ ಕಾಣುವುದಿಲ್ಲ. ಇನ್ನೊಂದು ಆಸೆಯೂ ಇದೆ. ಊರವರ ಕಾಗದಗಳಿಗೆಲ್ಲ ಮುದ್ರೆ ಹೊಡೆದವಳಿಗೆ ಯಾರೂ ಕಾಗದ ಬರೆದಿಲ್ಲ. ಬಿಡುವಾದಾಗ ಬರೆಯಿರಿ.

ಕಸ್ತೂರೆಮ್ಮ

•

ಸಿಂಧನೂರು
19 ಆಗಸ್ಟ್ 2024

ಕಸ್ತೂರೆಮ್ಮನವರಿಗೆ ಜೈಭೀಮ್.

ಶಾಲೆ ಬಿಟ್ಟ ಮೇಲೆ ನಾನು ಬರೆಯುತ್ತಿರುವ ಮೊದಲ ಪತ್ರ ಇದು. ತಂಗಿ ಅನುಪಮಾ ಪಕ್ಕದಲ್ಲಿ ನಿಂತು ನಗುತ್ತಿದ್ದಾಳೆ. ಅವಳು ನರ್ಸ್. ನಾನು ಅಕ್ಕಿ ಗಿರಣಿಯಲ್ಲಿ ಎಲೆಕ್ಟ್ರಿಷಿಯನ್. ನಮ್ಮದು ತುರ್ವಿಹಾಳ; ಅಪ್ಪ ಬೇರೆಯವರ ಗದ್ದೆಯಲ್ಲಿ ನಾಟಿ, ಕೊಯ್ಲು ಎಂದು ದುಡಿದೇ ಹೋದರು. ಈಗ ಅವ್ವ ಪಾರ್ವತೆಮ್ಮ, ತಂಗಿ, ನಾನು ಸಿಂಧನೂರಿನಲ್ಲಿದ್ದೇವೆ.

ನಿಮ್ಮ ಡಯಲ್ ಕಂಡು ಬೆರಗಾದೆ. ೭ರ ಬಾಲ ಕೂದಲೆಳೆಯಷ್ಟು ಸಣ್ಣಗಿದೆ. ಆದರೆ ನನ್ನ ದಾರಿ ಬೇರೆ. ನಾನು ರೆಪ್ಲಿಕಾದ ತಪ್ಪುಗಳನ್ನು ಒಂದೊಂದಾಗಿ ತಿದ್ದುತ್ತೇನೆ. ತಾರೀಖಿನ ಮೇಲಿನ ಉಬ್ಬುಗಾಜು ಅಂಕಿಯನ್ನು ಸಾಕಷ್ಟು ದೊಡ್ಡದಾಗಿ ತೋರಿಸುವುದಿಲ್ಲ, ಅದನ್ನು ಬದಲಿಸುತ್ತೇನೆ. ಮುಳ್ಳುಗಳ ಅಂಚು ಉಜ್ಜುತ್ತೇನೆ. ಸೆಕೆಂಡಿನ ಮುಳ್ಳು ಕುಪ್ಪಳಿಸದೆ ನೀರಿನಂತೆ ಹರಿಯಲೆಂದು ಜಪಾನಿನ ಯಂತ್ರ ಕೂಡಿಸುತ್ತೇನೆ. ಅಸಲಿ ವಾಚನ್ನು ನಾನು ಇವತ್ತಿನವರೆಗೆ ಮುಟ್ಟಿಲ್ಲ. ಇನ್ನೂರು ಫೋಟೊ ಇಟ್ಟುಕೊಂಡಿದ್ದೇನೆ. ನನ್ನ ಕೈಯಲ್ಲಿರುವುದು ನಾಲ್ಕು ವರ್ಷದ ಭಾನುವಾರಗಳ ಕೆಲಸ.

ಹೆಸರು ಅಳಿಸಲು ಮಾತ್ರ ನನಗೆ ಕೈ ಬರುವುದಿಲ್ಲ. ಕಾರಣ ಹೇಳುತ್ತೇನೆ. ನಮ್ಮ ಗಿರಣಿಗೆ ಒಬ್ಬ ವ್ಯಾಪಾರಿ ಬರುತ್ತಾರೆ. ಹದಿನಾಲ್ಕು ವರ್ಷದಿಂದ ನನ್ನನ್ನು ನಿಲ್ಲಿಸಿಯೇ ಮಾತಾಡಿಸಿದವರು, "ಲೇ" ಬಿಟ್ಟು ಬೇರೆ ಕರೆದದ್ದಿಲ್ಲ. ಹೋದ ವರ್ಷ ಮೋಟಾರು ತೋರಿಸುವಾಗ ಅವರ ಕಣ್ಣು ನನ್ನ ಮುಂಗೈ ಮೇಲೆ ಬಿತ್ತು. "ಕೂಡ್ರಿ" ಎಂದರು. ನನ್ನ ಕೆಲಸ ನೋಡಿ ಅಲ್ಲ, ವಾಚು ನೋಡಿ. ಅದು ಗೊತ್ತಿದ್ದೂ ಕುಳಿತೆ.

ನೀವು ಯಾಕೆ ಅಳಿಸುತ್ತೀರಿ?

ಹುಲಿಗೇಶ

•

ಮಸ್ಕಿ
10 ಸೆಪ್ಟೆಂಬರ್ 2024

ಹುಲಿಗೇಶನಿಗೆ,

ನಿನ್ನ ವಯಸ್ಸು ಮೂವತ್ತಾರೆಂದು ರಾಜೇಸಾಬರಿಂದ ತಿಳಿಯಿತು. ಇನ್ನು ಮುಂದೆ ನೀನು ಎಂದೇ ಬರೆಯುತ್ತೇನೆ.

ಕುಳಿತದ್ದು ಸರಿ. ಹದಿನಾಲ್ಕು ವರ್ಷ ತಡವಾಗಿ ಬಂದ ಕುರ್ಚಿ ಅದು, ಬಿಡಬಾರದು. ಆದರೆ ನಿನ್ನ ಪತ್ರವನ್ನು ಎರಡು ಸಲ ಓದಿದೆ. ಮುಳ್ಳಿನ ಬಗ್ಗೆ, ಗಾಜಿನ ಬಗ್ಗೆ ಬರೆಯುವಾಗ ನಿನ್ನ ಅಕ್ಷರ ದುಂಡಗಿದೆ. ಆ ವ್ಯಾಪಾರಿಯ ಮಾತು ಬಂದಾಗ ಪೆನ್ನು ಕಾಗದವನ್ನು ಒತ್ತಿದೆ.

ನಾನು ಯಾಕೆ ಅಳಿಸುತ್ತೇನೆ ಎಂಬುದು ಹಳೆಯ ಮಾತು, ಬಿಡು. ಹೇಗೆ ಅಳಿಸುತ್ತೇನೆಂದು ಬೇಕಾದರೆ ಹೇಳುತ್ತೇನೆ: ಉಗುರುಬಣ್ಣ ತೆಗೆಯುವ ಔಷಧಿ, ಹತ್ತಿ ಸುತ್ತಿದ ಕಡ್ಡಿ, ಮತ್ತು ಉಸಿರು ಬಿಗಿಹಿಡಿಯುವುದು. ಒಂದು ಸಲ ಸೀನು ಬಂದು ಹನ್ನೊಂದನೇ ಡಯಲ್ ಹಾಳಾಯಿತು.

ನಿನ್ನ ಜಪಾನಿನ ಯಂತ್ರ ಎಲ್ಲಿ ಸಿಗುತ್ತದೆ, ತಿಳಿಸು.

ಕಸ್ತೂರೆಮ್ಮ

•

ಸಿಂಧನೂರು
2 ಡಿಸೆಂಬರ್ 2024

ಕಸ್ತೂರೆಮ್ಮನವರಿಗೆ ಜೈಭೀಮ್.

ತಡವಾಯಿತು, ಆದರೆ ಸುದ್ದಿ ಒಳ್ಳೆಯದು. ಅನುಪಮಾಳ ಮದುವೆ ಗೊತ್ತಾಗಿದೆ. ಹುಡುಗ ಸುನೀಲ, ಲಿಂಗಸುಗೂರಿನವರು, ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅವರ ತಂದೆ ತಹಸೀಲ್ದಾರ್ ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಓದಿದ ಮನೆತನ. ನಾವು ಅವರ ಮುಂದೆ ಏನೂ ಅಲ್ಲ.

ನಿಶ್ಚಯದ ದಿನ ಚಹಾ ಕುಡಿಯುವಾಗ ಸುನೀಲರ ತಂದೆ ನನ್ನ ಕೈ ನೋಡಿ, "ಒರಿಜಿನಲ್ ಅಲ್ಲೇನ್ರಿ ಇದು? ದುಬೈದಾಗ ಯಾರರ ಅದಾರೇನು?" ಎಂದರು. ನಾನು ನಕ್ಕೆ. ಅಷ್ಟೇ, ಹೌದೆನ್ನಲಿಲ್ಲ. ಆಮೇಲೆ ಅವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಂದ ನೆಂಟರಿಗೆಲ್ಲ ಪರಿಚಯ ಮಾಡಿಸಿದರು. ಅವ್ವ ದೂರದಿಂದ ನೋಡುತ್ತಿದ್ದಳು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ.

ಅಳಿಯನಿಗೆ ವಾಚು ಕೊಡುವುದು ನಮ್ಮಲ್ಲಿ ಇದ್ದದ್ದೇ. ನಾನು ನನ್ನದರಂಥದ್ದೇ ಇನ್ನೊಂದು ಮಾಡುತ್ತಿದ್ದೇನೆ, ಇದಕ್ಕಿಂತ ಚೆನ್ನಾಗಿ. ಗಾಜು, ಮುಳ್ಳು, ಯಂತ್ರ ಎಲ್ಲ ಆಗಿದೆ. ಒಂದೇ ಕೊರತೆ: ಡಯಲ್ ಮೇಲಿನ ಹೆಸರಿನಲ್ಲಿ ಮೂರನೆಯ ಅಕ್ಷರ ಸ್ವಲ್ಪ ದಪ್ಪ, ಕೊನೆಯದರ ಕಾಲು ಮಸುಕು. ತಿಳಿದವರು ನೋಡಿದರೆ ಅಲ್ಲಿ ಹಿಡಿಯುತ್ತಾರೆ. ನಿಮ್ಮ ಕುಂಚ ಒಂದು ಸಲ ಆಡಿದರೆ ಯಾರಪ್ಪನಿಂದಲೂ ಹಿಡಿಯಲು ಆಗದು. ಡಯಲ್ ಈ ಪಾರ್ಸೆಲ್‌ನಲ್ಲಿದೆ. ಇಲ್ಲವೆನ್ನಬೇಡಿ.

ಹುಲಿಗೇಶ

•

ಮಸ್ಕಿ
11 ಡಿಸೆಂಬರ್ 2024

ಹುಲಿಗೇಶನಿಗೆ,

ಅನುಪಮಾಳಿಗೆ ನನ್ನ ಆಶೀರ್ವಾದ ತಿಳಿಸು.

ಡಯಲ್ ವಾಪಸು ಕಳಿಸಿದ್ದೇನೆ. ಈಚೆಗೆ ನನ್ನ ಕಣ್ಣು ಸರಿಯಿಲ್ಲ. ಸಣ್ಣ ಅಕ್ಷರದ ಮೇಲೆ ಕುಂಚ ಇಡಲು ಧೈರ್ಯವಾಗುವುದಿಲ್ಲ. ಮದುವೆಯ ವಾಚು ಕೆಡಿಸಿದೆ ಎಂಬ ಮಾತು ಬೇಡ.

ಸುನೀಲನಿಗೆ ಆ ವಾಚು ಏನೆಂದು ಹೇಳಿ ಕೊಡುತ್ತೀಯೋ ಅದನ್ನು ನೀನು ಬರೆದಿಲ್ಲ.

ಕಸ್ತೂರೆಮ್ಮ

•

ಸಿಂಧನೂರು
20 ಡಿಸೆಂಬರ್ 2024

ಕಸ್ತೂರೆಮ್ಮನವರಿಗೆ ಜೈಭೀಮ್.

ನಿಮ್ಮ ಕಣ್ಣಿನ ವಿಷಯ ನನ್ನಿಂದ ಕೇಳಿ ಅನುಪಮಾ ಗಾಬರಿಯಾದಳು. ಈ ವಯಸ್ಸಿನಲ್ಲಿ ಪೊರೆ ಬರುವುದು ಸಾಮಾನ್ಯ, ತಡಮಾಡದೆ ತೋರಿಸಿ ಎಂದು ಹೇಳಿದ್ದಾಳೆ. ಬಸ್ ಹತ್ತುವುದು ಕಷ್ಟವಾದರೆ ಅವಳೇ ಬಂದು ಕರೆದೊಯ್ಯುತ್ತಾಳೆ. ಈ ಪಾರ್ಸೆಲ್‌ನಲ್ಲಿ ಒಂದು ಭೂತಗಾಜು ಇದೆ, ಸುತ್ತ ದೀಪವಿರುವಂಥದ್ದು. ಗಿರಣಿಯಲ್ಲಿ ಬಿದ್ದಿದ್ದ ಹಳೆಯ ಸ್ಟ್ಯಾಂಡಿಗೆ ನಾನೇ ಕೂಡಿಸಿದೆ. ಅದರ ಕೆಳಗೆ ಬರೆದರೆ ಕಣ್ಣಿಗೆ ಆಯಾಸವಾಗದು.

ಡಯಲ್ ಬಗ್ಗೆ ಚಿಂತಿಸಬೇಡಿ. ನಾನೇ ತಿದ್ದಿದೆ, ಮುಕ್ಕಾಲು ಪಾಲು ಸರಿಬಂದಿದೆ. ತಾರೀಖಿನ ಅಂಕಿಗಳಿರುವ ಹೊಸ ಬಿಲ್ಲೆಯೊಂದು ಬೇಕಿತ್ತು, ರಾಜೇಸಾಬರ ಹತ್ತಿರ ಮುಗಿದಿದೆಯಂತೆ. ಮದುವೆ ಫೆಬ್ರುವರಿ ಒಂಬತ್ತು, ಭಾನುವಾರ. ನೀವು ಬರಲೇಬೇಕು.

ಕೊನೆಗೆ ನೀವು ಕೇಳಿದ್ದು. ಏನೂ ಹೇಳುವುದಿಲ್ಲ. ಪೆಟ್ಟಿಗೆಯಲ್ಲಿಟ್ಟು ಕೊಡುತ್ತೇನೆ. ಅವರು ಏನು ತಿಳಿದುಕೊಳ್ಳುತ್ತಾರೋ ಅದು.

ಹುಲಿಗೇಶ

•

ಮಸ್ಕಿ
2 ಜನವರಿ 2025

ಹುಲಿಗೇಶ,

ನನ್ನ ಕಣ್ಣು ಸರಿಯಾಗಿವೆ. ನಿನಗೆ ಸುಳ್ಳು ಬರೆದೆ. ನೀನು ಆ ದೀಪ ಮಾಡಿ ಕಳಿಸಿದ ಮೇಲೆ ಅದನ್ನು ಮೇಜಿನ ಮೇಲಿಟ್ಟುಕೊಂಡು ನಾಲ್ಕು ದಿನ ಸುಮ್ಮನೆ ಕುಳಿತಿದ್ದೆ. ಇನ್ನು ಮುಚ್ಚಿಡುವುದು ಬೇಡ. ನಾನು ಹೆಸರು ಯಾಕೆ ಅಳಿಸುತ್ತೇನೆಂದು ಕೇಳಿದ್ದೆಯಲ್ಲ, ಹೇಳುತ್ತೇನೆ.

ಮದುವೆಯಾದ ಆರನೆಯ ವರ್ಷ ನಮ್ಮ ಮನೆಯವರು ನನಗೆ ನಾಲ್ಕು ಬಳೆ ತಂದುಕೊಟ್ಟರು. ಬಂಗಾರದವು ಎಂದರು. ಅವರು ಆಗ ಹತ್ತಿ ಗಿರಣಿಯಲ್ಲಿ ಗುಮಾಸ್ತರು. ನಾನು ಕುಣಿದಾಡಿದೆ, ಓಣಿಗೆಲ್ಲ ತೋರಿಸಿದೆ. ಎರಡು ವರ್ಷದ ನಂತರ ಒಂದು ಬಳೆ ಬಿಗಿಯಾಯಿತೆಂದು ಪತ್ತಾರರ ಬಳಿಗೆ ಒಯ್ದೆ. ಅವರು ಒಳಗಿನ ಅಂಚನ್ನು ಅರದಿಂದ ಒಂದು ಎಳೆ ಉಜ್ಜಿ, ನನ್ನ ಕಡೆ ನೋಡದೆ, ಬಳೆ ಮುಂದಿಟ್ಟರು. ಒಳಗೆ ತಾಮ್ರ. "ಹಂಗ ಇರಲಿ ಬಿಡ್ರಿ" ಎಂದು ಹೇಳಿ ಮನೆಗೆ ಬಂದೆ.

ಮನೆಯವರಿಗೆ ನಾನು ಹೇಳಲಿಲ್ಲ. ನಾನು ತಿಳಿದುಕೊಂಡೆನೆಂದು ಅವರಿಗೆ ಗೊತ್ತಾಯಿತೋ ಇಲ್ಲವೋ, ಅದೂ ತಿಳಿಯಲಿಲ್ಲ. ಆದರೆ ಬಡಿಸುವಾಗ ನನ್ನ ಕೈ ಮುಂದೆ ಬಂದರೆ ಅವರು ತಟ್ಟೆಯನ್ನೇ ನೋಡುತ್ತಿದ್ದರು. ಮದುವೆಮನೆಯಲ್ಲಿ ಯಾರಾದರೂ ಬಳೆ ಚೆನ್ನಾಗಿವೆ ಎಂದರೆ ಎದ್ದು ಹೊರಗೆ ಹೋಗುತ್ತಿದ್ದರು. ಇಪ್ಪತ್ತೆರಡು ವರ್ಷ ಹೀಗೆ ನಡೆಯಿತು. ನನಗೆ ತಾಮ್ರದ ಮೇಲೆ ಸಿಟ್ಟಿರಲಿಲ್ಲ ಹುಲಿಗೇಶ. ತಾಮ್ರವೆಂದು ಹೇಳಿ ಕೊಟ್ಟಿದ್ದರೂ ಅಷ್ಟೇ ಖುಷಿಯಿಂದ ತೊಡುತ್ತಿದ್ದೆ. ಅವರು ನನ್ನ ಕೈ ನೋಡುವುದನ್ನು ಬಿಟ್ಟರಲ್ಲ, ಅದಕ್ಕೆ ಸಂಕಟ. ನಾನಾದರೂ ಬಾಯಿಬಿಡಬಹುದಿತ್ತು. ಸುಮ್ಮನಿರುವುದೇ ದೊಡ್ಡತನ ಎಂದುಕೊಂಡಿದ್ದೆ.

ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ನನ್ನ ಕೈ ಹಿಡಿದು ಬಳೆಯ ಮೇಲೆ ಹೆಬ್ಬೆರಳು ಆಡಿಸಿದರು. ತುಟಿ ತೆರೆದರು. ಆಮೇಲೆ, "ನೀರು ಕೊಡು" ಎಂದರು. ಹೇಳಬೇಕೆಂದಿದ್ದದ್ದು ಬೇರೆಯೋ, ನೀರೇ ಬೇಕಾಗಿತ್ತೋ, ನನಗೆ ಇಂದಿಗೂ ಗೊತ್ತಿಲ್ಲ.

ನಿನ್ನ ವಾಚನ್ನು ಸುನೀಲ ದಿನವೂ ಕಟ್ಟಿಕೊಳ್ಳುತ್ತಾನೆ. ತಂಗಿಯನ್ನು ನೋಡಲು ಆ ಮನೆಗೆ ಹೋದಾಗಲೆಲ್ಲ ನೀನು ಎಲ್ಲಿ ನೋಡುತ್ತೀಯ?

ಕಸ್ತೂರೆಮ್ಮ

•

ಸಿಂಧನೂರು
10 ಜನವರಿ 2025

ಕಸ್ತೂರೆಮ್ಮನವರಿಗೆ,

ನಿಮ್ಮ ಪತ್ರ ತಲುಪಿತು. ನಿಮ್ಮ ಮನೆಯವರ ಕಥೆಗೂ ನನ್ನ ವಾಚಿಗೂ ಸಂಬಂಧವಿಲ್ಲ. ನಿಮಗೆ ಎಲ್ಲ ಕಡೆಯೂ ಕುರ್ಚಿ ಸಿಕ್ಕಿದೆ, ಅದಕ್ಕೇ ಹೆಸರು ಅಳಿಸುವುದು ಸುಲಭ.

ಭೂತಗಾಜು ನಿಮ್ಮಲ್ಲೇ ಇರಲಿ.

ಹುಲಿಗೇಶ

•

ಮಸ್ಕಿ
27 ಜನವರಿ 2025

ಹುಲಿಗೇಶನಿಗೆ,

ಕುರ್ಚಿಯ ಮಾತು ನಿಜ. ನಾನು ಅದನ್ನು ಯೋಚಿಸಿರಲಿಲ್ಲ. ಅಂಚೆ ಕಚೇರಿಯ ಕಿಟಕಿಯ ಒಳಬದಿಯಲ್ಲಿ ಕುಳಿತವಳಿಗೆ ಹೊರಗೆ ನಿಂತವರ ಕಾಲುನೋವು ಎಷ್ಟು ತಿಳಿದೀತು.

ಇನ್ನೊಂದು ತಪ್ಪು ಒಪ್ಪಿಕೊಳ್ಳಬೇಕು. ತಾರೀಖಿನ ಬಿಲ್ಲೆ ರಾಜೇಸಾಬರ ಹತ್ತಿರ ಇತ್ತು. ಮದುವೆಯ ವಾಚಿಗೆ ನೀನು ಯಾವ ಭಾಗ ಕೇಳಿದರೂ ಕೊಡಬೇಡಿ ಎಂದು ಮೊದಲೇ ಫೋನು ಮಾಡಿ ಹೇಳಿದವಳು ನಾನು. ನಿನ್ನ ವಾಚು, ನಿನ್ನ ತಂಗಿಯ ಮದುವೆ; ನಡುವೆ ಕೈ ಹಾಕುವ ಹಕ್ಕು ನನಗಿರಲಿಲ್ಲ. ಬಿಲ್ಲೆ ಈ ಲಕೋಟೆಯಲ್ಲಿದೆ. ಏನು ಮಾಡುತ್ತೀಯೋ ನಿನಗೆ ಬಿಟ್ಟದ್ದು. ಇನ್ನು ಆ ಬಗ್ಗೆ ಕೇಳುವುದಿಲ್ಲ.

ಕಸ್ತೂರೆಮ್ಮ

•

ಸಿಂಧನೂರು
3 ಫೆಬ್ರುವರಿ 2025

ಕಸ್ತೂರೆಮ್ಮನವರಿಗೆ ಜೈಭೀಮ್.

ನಿನ್ನೆ ಲಿಂಗಸುಗೂರಿಗೆ ಹೋಗಿದ್ದೆ. ಬಸ್ಸು ಮಸ್ಕಿಯಲ್ಲಿ ಹತ್ತು ನಿಮಿಷ ನಿಂತಿತ್ತು. ಇಳಿದರೆ ನಿಮ್ಮ ಮನೆಗೆ ಬಂದುಬಿಡುತ್ತೇನೆ, ಬಂದರೆ ಮುಂದೆ ಹೋಗುವುದಿಲ್ಲ ಎನ್ನಿಸಿ ಸೀಟು ಬಿಟ್ಟು ಏಳಲಿಲ್ಲ.

ನಿಮಗೆ ಬರೆಯದೆ ಬಿಟ್ಟ ಒಂದು ವಿಷಯವಿದೆ. ನಿಶ್ಚಯದ ದಿನ ಮೊದಲು ಬುದ್ಧವಂದನೆ ಆಯಿತು. ಎಲ್ಲರೂ ನಿಂತು ಪಂಚಶೀಲ ಹೇಳಿದೆವು. ಸುಳ್ಳಾಡುವುದಿಲ್ಲ ಎಂಬುದನ್ನು ನಾನೂ ಗಟ್ಟಿಯಾಗಿಯೇ ಹೇಳಿದೆ. ಕೈ ಮುಗಿದಿದ್ದೆನಾದ್ದರಿಂದ ವಾಚು ನನ್ನ ಮೂಗಿನ ಮುಂದೆಯೇ ಇತ್ತು. ಸುನೀಲರ ತಂದೆ ಆ ಪ್ರಶ್ನೆ ಕೇಳಿದ್ದು ಅದಾದ ಅರ್ಧ ಗಂಟೆಗೆ. ಎರಡು ತಿಂಗಳು ನನ್ನನ್ನು ಕೊರೆದದ್ದು ಇದು. ನಿಮ್ಮ ಮೇಲೆ ಸಿಟ್ಟು ಮಾಡಿದ್ದು ಅದಕ್ಕೇ.

ಸುನೀಲ ಒಬ್ಬರೇ ಇದ್ದರು, ಉತ್ತರಪತ್ರಿಕೆ ತಿದ್ದುತ್ತಿದ್ದರು. ನಾನು ಮಾತಿಗೆ ಮೊದಲು ಚೀಲದಿಂದ ವಾಚು ತೆಗೆದು, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಹಿಂದಿನ ಮುಚ್ಚಳ ಬಿಚ್ಚಿದೆ. ಇದು ನಿಮಗೆಂದು ಮಾಡಿದ್ದು, ಇದೂ ನಕಲಿ, ಅವತ್ತು ನನ್ನ ಕೈಯಲ್ಲಿದ್ದದ್ದೂ ನಕಲಿ, ನಿಮ್ಮ ತಂದೆ ಕೇಳಿದಾಗ ಹೇಳಲಿಲ್ಲ ಎಂದೆ. ಒಳಗಿನ ಯಂತ್ರ ಯಾವುದು, ಯಾವ ಭಾಗ ನಾನು ಮಾಡಿದ್ದು, ಎಲ್ಲ ತೋರಿಸಿದೆ.

ಅವರು ಬಹಳ ಹೊತ್ತು ಯಂತ್ರವನ್ನೇ ನೋಡಿದರು. ಆಮೇಲೆ, "ಅನುಪಮಾಗ ಗೊತ್ತೈತೇನ್ರಿ?" ಎಂದರು. ನಾನು ವಾಚು ತಿದ್ದುತ್ತೇನೆಂದು ಅವಳಿಗೆ ಗೊತ್ತು, ಅದನ್ನು ಅಸಲಿಯಂತೆ ನಿಮಗೆ ಕೊಡಲು ಹೊರಟದ್ದು ಗೊತ್ತಿಲ್ಲ ಎಂದೆ. "ಅಪ್ಪಾಜಿಗೆ ನಾ ಹೇಳ್ತೀನಿ. ನೀವಿನ್ನ ಹೋಗ್ರಿ" ಎಂದರು. ಸಿಟ್ಟಿನ ದನಿಯಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದು ಅನುಪಮಾಳಿಗೆ ಹೇಳಿದೆ. ಅವಳು ಕೈಯಲ್ಲಿದ್ದ ಸೀರೆ ಮಡಿಚಿಟ್ಟು, "ನನ್ನ ಮದುವಿ ಮಾತು ನನಗಿಂತ ಮೊದಲ ಅವರಿಗೆ ಹೇಳಿ ಬಂದಿ" ಎಂದಳು. ಆಮೇಲೆ ನನ್ನೊಂದಿಗೆ ಮಾತಾಡಿಲ್ಲ. ಲಗ್ನಪತ್ರಿಕೆ ಹಂಚಿಯಾಗಿದೆ. ಅಲ್ಲಿಂದ ಇಂದು ಸಂಜೆಯವರೆಗೆ ಫೋನು ಬಂದಿಲ್ಲ. ಅವ್ವನಿಗೆ ಇನ್ನೂ ಏನೂ ತಿಳಿಯದು.

ಹುಲಿಗೇಶ

•

ಮಸ್ಕಿ
5 ಫೆಬ್ರುವರಿ 2025

ಹುಲಿಗೇಶನಿಗೆ,

ನಾನು ಬುದ್ಧಿ ಹೇಳುವುದಿಲ್ಲ. ಹೇಳಿದ್ದು ಸಾಕಾಗಿದೆ.

ಅವ್ವನಿಗೆ ಇವತ್ತೇ ಹೇಳು. ಬೇರೆಯವರ ಬಾಯಿಂದ ಕೇಳುವುದು ಬೇಡ. ಅನುಪಮಾ ಮಾತಾಡದಿದ್ದರೂ ಅವಳ ಕಣ್ಣೆದುರಿಗೇ ಇರು, ಗಿರಣಿಗೆ ರಜೆ ಹಾಕು.

ಭಾನುವಾರ ಬೆಳಿಗ್ಗೆ ನಾನು ಸಿಂಧನೂರಿಗೆ ಬರುತ್ತೇನೆ. ಮದುವೆಯಾದರೆ ಅಕ್ಷತೆ ಹಾಕುತ್ತೇನೆ. ಆಗದಿದ್ದರೆ ನಿನ್ನ ಮನೆಯಲ್ಲಿ ಒಬ್ಬರಾದರೂ ಅಡುಗೆ ಮಾಡಲು ಬೇಕಾಗುತ್ತದೆ.

ಕಸ್ತೂರೆಮ್ಮ

•

ಸಿಂಧನೂರು
22 ಜೂನ್ 2025

ಕಸ್ತೂರೆಮ್ಮನವರಿಗೆ ಜೈಭೀಮ್.

ಮದುವೆಯ ಗದ್ದಲದಲ್ಲಿ ನಿಮ್ಮನ್ನು ಅವ್ವನ ಪಕ್ಕ ಕೂರಿಸಿದ್ದಷ್ಟೇ ನೆನಪು. ಮದುವೆಯ ಹಿಂದಿನ ಗುರುವಾರ ಏನಾಯಿತೆಂದು ನಿಮಗೆ ಹೇಳಲು ಆಗಲೇ ಇಲ್ಲ. ಆಮೇಲೆ ಬರೆಯಲು ಕೂತಾಗಲೆಲ್ಲ ಇನ್ನೂ ಮುಗಿದಿಲ್ಲ ಎನ್ನಿಸುತ್ತಿತ್ತು. ಇವತ್ತು ಬರೆಯುತ್ತೇನೆ.

ನಿಮ್ಮ ಪತ್ರ ಓದಿದ ಕೂಡಲೇ ಅವ್ವನಿಗೆ ಎಲ್ಲ ಹೇಳಿದೆ; ಅವತ್ತೇ ಮಧ್ಯಾಹ್ನ ಸುನೀಲ ಬಂದರು. ಮೊದಲು ಅನುಪಮಾಳ ಜೊತೆ ಹೊರಗೆ ಬೇವಿನ ಗಿಡದ ಕೆಳಗೆ ನಿಂತು ಮಾತಾಡಿದರು. ಅವಳು ಏನು ಹೇಳಿದಳೋ ನನಗೆ ಇವತ್ತಿಗೂ ಹೇಳಿಲ್ಲ. ಒಳಗೆ ಬಂದವರು ನನ್ನ ಎದುರು ಕುಳಿತರು. "ನನಗ ವಾಚ್ ಬೇಕಾಗಿದ್ದಿಲ್ರಿ. ವಾಚ್ ನೋಡಿ ಮರ್ಯಾದಿ ಕೊಡೋ ಮಂದಿ ನಾವು ಅಂತ ತಿಳಕೊಂಡ್ರಲ್ಲ, ಅದು ನೋವಾತು" ಎಂದರು. ಅವರೇ ಮತ್ತೆ, "ಆದ್ರ ಅಪ್ಪಾಜಿ ವಾಚ್ ನೋಡೇ ಮರ್ಯಾದಿ ಕೊಟ್ರು. ಅದೂ ಖರೆ" ಎಂದರು.

ಆಮೇಲೆ, ಆ ವಾಚು ಎಲ್ಲಿದೆ, ತನ್ನಿ ಎಂದರು. ಹೆಸರು ಅಳಿಸಲು ಬರುತ್ತದೆಯೇ ಎಂದು ಕೇಳಿದರು. ನೀವು ಬರೆದಿದ್ದ ಹಾಗೆ ಅನುಪಮಾಳ ಉಗುರುಬಣ್ಣದ ಔಷಧಿ ತೆಗೆದುಕೊಂಡೆ. ಅವರು ದೀಪ ಹಿಡಿದರು. ಮೂರು ವಾರ ಕುಳಿತು ತಿದ್ದಿದ ಅಕ್ಷರ ನಾಲ್ಕು ನಿಮಿಷದಲ್ಲಿ ಹತ್ತಿಗೆ ಅಂಟಿ ಬಂತು. ಆ ಜಾಗಕ್ಕೆ ನಿಮ್ಮಿಂದ ಏನಾದರೂ ಬರೆಸುತ್ತೇನೆ ಎಂದೆ. ಬೇಡ, ಖಾಲಿ ಇರಲಿ ಎಂದರು. ಮದುವೆಯ ದಿನ ಅವರು ಕಟ್ಟಿದ್ದು ಅದನ್ನೇ.

ಅವರ ತಂದೆ ಮಾತ್ರ ನನ್ನೊಂದಿಗೆ ಮೊದಲಿನಂತಿಲ್ಲ. ಎದುರಾದರೆ ಆರೋಗ್ಯ ಕೇಳುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಅವರ ತಪ್ಪಲ್ಲ. ಅನುಪಮಾ ಯುಗಾದಿಗೆ ಬಂದಾಗ ನನ್ನ ತಟ್ಟೆಗೆ ತಾನೇ ಹೋಳಿಗೆ ಹಾಕಿದಳು, ಅಲ್ಲಿಂದ ನಾವು ಸರಿಯಾದೆವು. ನನ್ನ ವಾಚನ್ನು ನಾನು ಹಾಗೆಯೇ ಕಟ್ಟುತ್ತಿದ್ದೇನೆ, ಹೆಸರಿನ ಸಮೇತ. ಅಳಿಸುತ್ತೇನೋ ಇಲ್ಲವೋ ಗೊತ್ತಿಲ್ಲ. ಗಿರಣಿಯಲ್ಲಿ ಕೇಳಿದವರಿಗೆ ಮಾತ್ರ ನಕಲಿ ಎಂದೇ ಹೇಳುತ್ತೇನೆ. ಕೆಲವರು ನಂಬುವುದಿಲ್ಲ.

ಮೊನ್ನೆ ಶುಕ್ರವಾರ ಅವ್ವ ಮಾಡಿದ ಉಪ್ಪಿನಕಾಯಿ ಕೊಡಲು ಲಿಂಗಸುಗೂರಿಗೆ ಹೋದೆ. ಅನುಪಮಾ ಡ್ಯೂಟಿಯಲ್ಲಿದ್ದಳು, ಅದಕ್ಕೆ ನೇರ ಸುನೀಲರ ಶಾಲೆಗೆ ನಡೆದೆ. ಊಟದ ಬಿಡುವು. ಮೇಷ್ಟ್ರುಗಳ ಕೋಣೆಯ ಬಾಗಿಲ ಹೊರಗೆ ಚಪ್ಪಲಿ ಬಿಡುತ್ತಿದ್ದೆ. ಒಳಗೆ ಯಾರೋ ಹೊಸ ಮೇಷ್ಟ್ರು, "ಸರ್, ವಾಚ್ ಭಾರಿ ಐತ್ರಿ. ಹೆಸರ ಇಲ್ಲಲ್ರಿ ಇದರಾಗ, ಯಾವ ಕಂಪನಿದು?" ಎಂದರು.

"ಕಂಪನಿದಲ್ರಿ" ಎಂದರು ಸುನೀಲ. "ನನ್ನ ಹೆಂಡತಿ ಅಣ್ಣ ಮಾಡ್ಯಾರ."

ಮಾಡಲು ಬರುತ್ತದೆಯೇ ಮನೆಯಲ್ಲಿ ಎಂದು ಆ ಮೇಷ್ಟ್ರು ಕೇಳಿದರು. ಸುನೀಲ ವಾಚು ಬಿಚ್ಚಿ ಮೇಜಿನ ಮೇಲಿಟ್ಟ ಸದ್ದಾಯಿತು. ಮುಳ್ಳಿನ ಅಂಚು, ಗಾಜು, ಒಳಗಿನ ಯಂತ್ರ, ಅವತ್ತು ನಾನು ತೋರಿಸಿದ್ದನ್ನೆಲ್ಲ ಅದೇ ಕ್ರಮದಲ್ಲಿ, ತರಗತಿಯಲ್ಲಿ ಪಾಠ ಹೇಳುವ ಹಾಗೆ, ಒಂದೂ ಬಿಡದೆ ಹೇಳತೊಡಗಿದರು. ಉಪ್ಪಿನಕಾಯಿ ಡಬ್ಬಿ ಹಿಡಿದುಕೊಂಡು ಅವರು ಹೇಳಿ ಮುಗಿಸುವವರೆಗೆ ನಾನು ಹೊರಗೆ ನಿಂತಿದ್ದೆ.

ಹುಲಿಗೇಶ